ನಮ್ಮ ದೇಶದಲ್ಲೇ ತಯಾರಾದ ಸೈಕಲ್ ಪಾರ್ಟ್ಸ್ ಹುಡುಕುವುದು ಹೇಗೆ?

ಸೈಕಲ್ ಪಾರ್ಟಿನ ಮೇಲಿರುವ ಹೆಸರು ನೋಡಿ ಅದು ಎಲ್ಲಿ ತಯಾರಾಯಿತು ಅಂತ ಹೇಳುವುದು ಕಷ್ಟ. ವಿಟ್ಟೋರಿಯಾ ಇಟಲಿಯ ಬ್ರ್ಯಾಂಡ್, ಆದರೆ ಅದರ ಟೈರುಗಳು ತಯಾರಾಗುವುದು ಥಾಯ್ಲೆಂಡಿನಲ್ಲಿ. ಶ್ವಾಲ್ಬೆ ಜರ್ಮನಿಯದು, ಟೈರುಗಳು ಬರುವುದು ಇಂಡೊನೇಷ್ಯಾ ಮತ್ತು ವಿಯೆಟ್ನಾಮಿನಿಂದ. ಸ್ಟರ್ಮಿ-ಆರ್ಚರ್ ಗೇರ್ ಹಬ್ (ಚಕ್ರದ ನಡುಭಾಗವಾದ ಹಬ್ಬಿನೊಳಗೇ ಗೇರು ಇರುವಂಥದು) 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾಯಿತು. 2000ದಲ್ಲಿ ತೈವಾನಿನ ಸನ್‌ರೇಸ್ ಅದನ್ನು ಕೊಂಡಿತು, ತಯಾರಿಕೆಯೂ ಅಲ್ಲಿಗೇ ಹೋಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಹಾಗಾಗಿ ತಮ್ಮ ದೇಶದಲ್ಲಿ ಮಾಡಿದ ಪಾರ್ಟನ್ನೇ ಹಾಕಬೇಕು ಅಂದುಕೊಂಡವರು ಬ್ರ್ಯಾಂಡ್ ಹುಡುಕುವುದನ್ನು ಬಿಟ್ಟು ಕಾರ್ಖಾನೆ ಹುಡುಕಬೇಕು. ಅದೂ ಇಡೀ ಸೈಕಲ್ಲಿಗೆ ಒಂದೇ ಸಲ ಆಗುವ ಕೆಲಸವಲ್ಲ. ಒಂದೊಂದೇ ಪಾರ್ಟು ಹಿಡಿದುಕೊಂಡು ಹೋಗಬೇಕು. ನೀವು ಯಾವ ದೇಶದಲ್ಲೇ ಇರಿ, ಹುಡುಕುವ ದಾರಿ ಹೆಚ್ಚುಕಡಿಮೆ ಒಂದೇ. ಆ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

1. ಮೊದಲು ನಿಮ್ಮ ಗೆರೆ ಎಳೆದುಕೊಳ್ಳಿ

‘ಇಲ್ಲಿ ತಯಾರಾದದ್ದು’ ಅಂದರೆ ಏನು ಅನ್ನುವುದಕ್ಕೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪ್ರಕಾರ, ಯಾವ ಷರತ್ತೂ ಸೇರಿಸದೆ ‘ಮೇಡ್ ಇನ್ ಯುಎಸ್ಎ’ ಅಂತ ಬರೆಯಬೇಕಾದರೆ ವಸ್ತುವಿನ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಭಾಗ ಅಲ್ಲೇ ಆಗಿರಬೇಕು. ಇದಕ್ಕೆ 2021ರಿಂದ ಪ್ರತ್ಯೇಕ ನಿಯಮವೇ ಇದೆ. ಸ್ವಿಟ್ಜರ್ಲೆಂಡಿನಲ್ಲಿ 2017ರಿಂದ ಕಾರ್ಖಾನೆಯ ವಸ್ತುಗಳಿಗೆ ಲೆಕ್ಕ ಬೇರೆ: ತಯಾರಿಕಾ ವೆಚ್ಚದ ಕನಿಷ್ಠ 60 ಶೇಕಡಾ ಅಲ್ಲೇ ಆಗಿರಬೇಕು. ಭಾರತದಲ್ಲಿ ಸರ್ಕಾರಿ ಖರೀದಿಗಾಗಿ 2017ರಲ್ಲಿ ಬಂದ ಆದೇಶ ಈಗ ಎರಡು ದರ್ಜೆ ಮಾಡುತ್ತದೆ. ದೇಶದೊಳಗಿನ ಪಾಲು 50 ಶೇಕಡಾ ಅಥವಾ ಜಾಸ್ತಿ ಇದ್ದರೆ ಮೊದಲ ದರ್ಜೆ, 20ರಿಂದ 50ರ ನಡುವೆ ಇದ್ದರೆ ಎರಡನೆಯದು.

ಅಂದರೆ ಒಂದು ದೇಶದಲ್ಲಿ ಸಲ್ಲುವ ಮಾತು ಇನ್ನೊಂದು ದೇಶದಲ್ಲಿ ಸಲ್ಲದು. ನಿಮ್ಮ ದೇಶದ ನಿಯಮ ಏನು ಅಂತ ಒಮ್ಮೆ ಓದಿಕೊಳ್ಳಿ. ಆಮೇಲೆ ನಿಮ್ಮ ಗೆರೆ ಎಲ್ಲಿ ಅಂತ ನೀವೇ ನಿರ್ಧರಿಸಿ.

ನಾನು ಬಳಸುವ ಗೆರೆ ಸರಳ. ಪಾರ್ಟಿನ ಮುಖ್ಯ ದೇಹಕ್ಕೆ ಆಕಾರ ಬಂದದ್ದು ಎಲ್ಲಿ? ಹಬ್ ಆದರೆ ಅದರ ಹೊರಕವಚವಾದ ಶೆಲ್ ಅನ್ನು ಲೇತಿಗೆ ಹಾಕಿ ತಿರುಗಿಸಿದ್ದು ಎಲ್ಲಿ? ಟೈರಾದರೆ ರಬ್ಬರನ್ನು ಅಚ್ಚಿಗೆ ಹಾಕಿ ಬೇಯಿಸಿದ್ದು ಎಲ್ಲಿ? ಸೀಟಾದರೆ ಚರ್ಮ ಎಳೆದು ಕೂರಿಸಿದ್ದು ಎಲ್ಲಿ? ಕಚ್ಚಾ ಅಲ್ಯೂಮಿನಿಯಂ ಯಾವ ಗಣಿಯಿಂದ ಬಂತು ಅಂತ ಕೇಳುತ್ತಾ ಹೋದರೆ ಯಾವ ದೇಶದಲ್ಲೂ ಪಾರ್ಟು ಸಿಗುವುದಿಲ್ಲ. ಹೊರಗಿನಿಂದ ತಂದದ್ದಕ್ಕೆ ಇಲ್ಲಿ ಸ್ಟಿಕ್ಕರ್ ಅಂಟಿಸಿದರೆ ಸಾಕು ಅಂದುಕೊಂಡರೆ ಹುಡುಕುವುದಕ್ಕೆ ಅರ್ಥವೇ ಇರುವುದಿಲ್ಲ.

ಜೋಡಣೆಯ ಬಗ್ಗೆ ಹುಷಾರಾಗಿರಿ. ಹೊರಗಿನಿಂದ ಬಂದ ತುಂಡುಗಳನ್ನು ತಂದು ಬೋಲ್ಟು ಬಿಗಿದು ‘ಇಲ್ಲಿನದು’ ಅನ್ನುವುದು ಹೊಸ ವಿಷಯವಲ್ಲ. ಯುರೋಪಿನ ಒಕ್ಕೂಟ 1993ರಲ್ಲಿ ಚೀನಾದ ಸೈಕಲ್ಲುಗಳ ಮೇಲೆ ಹೆಚ್ಚುವರಿ ಸುಂಕ ಹಾಕಿತು. ಆಮೇಲೆ ಪಾರ್ಟ್ಸ್ ತರಿಸಿ ಅಲ್ಲೇ ಜೋಡಿಸುವುದು ಜಾಸ್ತಿಯಾದ ಕಾರಣ 1997ರಲ್ಲಿ ಆ ಸುಂಕವನ್ನು ಮುಖ್ಯ ಪಾರ್ಟ್ಸ್‌ಗೂ ವಿಸ್ತರಿಸಬೇಕಾಯಿತು.

2. ಸುಲಭವಾಗಿ ಸಿಗುವ ಪಾರ್ಟಿನಿಂದ ಶುರು ಮಾಡಿ

ಜನ ಸಾಮಾನ್ಯವಾಗಿ ಗೇರಿನಿಂದ ಹುಡುಕಾಟ ಶುರು ಮಾಡುತ್ತಾರೆ. ಸಿಗುವುದಿಲ್ಲ, ಬೇಸರವಾಗುತ್ತದೆ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ಗೇರು ಸಿಗದಿರುವುದಕ್ಕೆ ಕಾರಣ ಇದೆ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಒಂದು ಡಿರೈಲರ್ ತೆಗೆದುಕೊಳ್ಳಿ. ಅದರಲ್ಲಿ ಒತ್ತಿ ಮಾಡಿದ ತಗಡುಗಳಿವೆ, ಸ್ಪ್ರಿಂಗ್‌ಗಳಿವೆ, ಪುಟ್ಟ ಪಿನ್ನುಗಳಿವೆ, ಪ್ಲಾಸ್ಟಿಕ್ ಗಾಲಿಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಅಚ್ಚು ಬೇಕು. ಅಚ್ಚಿಗೆ ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಲಕ್ಷಗಟ್ಟಲೆ ಮಾಡಿ ಮಾರಬೇಕು. ಅದರ ಮೇಲೆ ಗೇರು ಬದಲಿಸುವ ಶಿಫ್ಟರ್, ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್, ಚೈನು ಎಲ್ಲವೂ ಒಂದಕ್ಕೊಂದು ಕೂಡಬೇಕು, ಪೇಟೆಂಟುಗಳನ್ನೂ ದಾಟಬೇಕು. ಅದಕ್ಕೇ ಪೂರ್ತಿ ಗೇರ್ ಸೆಟ್ ಮಾಡುವವರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ಜಪಾನಿನ ಶಿಮಾನೊ, ಅಮೆರಿಕದ ಸ್ರ್ಯಾಮ್, ಇಟಲಿಯ ಕ್ಯಾಂಪಗ್ನೋಲೊ, ತೈವಾನಿನ ಮೈಕ್ರೋಶಿಫ್ಟ್, ಜೊತೆಗೆ ಚೀನಾ ಮತ್ತು ತೈವಾನಿನ ಇನ್ನು ಕೆಲವರು. ಇವರ ಕಾರ್ಖಾನೆಗಳೂ ಹಲವು ದೇಶಗಳಲ್ಲಿ ಹರಡಿವೆ. ಶಿಮಾನೊ 1921ರಲ್ಲಿ ಜಪಾನಿನ ಸಕಾಯ್ ಊರಿನಲ್ಲಿ ಫ್ರೀವೀಲ್ (ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಹಿಂದಿನ ಹಲ್ಲುಚಕ್ರ) ಮಾಡುತ್ತಾ ಶುರುವಾದ ಕಂಪನಿ. ಇವತ್ತು ಸಿಂಗಾಪುರ, ಮಲೇಷ್ಯಾ, ಚೀನಾಗಳಲ್ಲೂ ಅದರ ಕಾರ್ಖಾನೆಗಳಿವೆ. ಸ್ರ್ಯಾಮ್‌ನ ಮುಖ್ಯ ಕಚೇರಿ ಶಿಕಾಗೋದಲ್ಲಿದ್ದರೂ ಅದರ ಚೈನುಗಳು ತಯಾರಾಗುವುದು ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ.

ಈಗ ಹಬ್ ನೋಡಿ. ಅಲ್ಯೂಮಿನಿಯಂ ದಿಮ್ಮಿಯಿಂದ ಲೇತ್ ಮತ್ತು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆದು ಮಾಡಬಹುದು. ಅಚ್ಚು ಬೇಡ. ನೂರು ಮಾಡಿದರೂ ನಡೆಯುತ್ತದೆ, ಸಾವಿರ ಮಾಡಿದರೂ ನಡೆಯುತ್ತದೆ. ಸಣ್ಣ ವರ್ಕ್‌ಶಾಪುಗಳು ಉಳಿದಿರುವುದು ಇಂಥ ಪಾರ್ಟುಗಳಲ್ಲೇ. ಅಮೆರಿಕದಲ್ಲಿ ಕ್ರಿಸ್ ಕಿಂಗ್, ಫಿಲ್ ವುಡ್, ವೈಟ್ ಇಂಡಸ್ಟ್ರೀಸ್, ಪಾಲ್ ಕಾಂಪೊನೆಂಟ್, ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಹೋಪ್ ಹೀಗೆ ಹೆಸರು ಮಾಡಿದ್ದು. ಹಬ್, ಹೆಡ್‌ಸೆಟ್, (ಫೋರ್ಕ್ ತಿರುಗುವ ಬೇರಿಂಗ್), ಸೀಟ್ ಕ್ಲ್ಯಾಂಪ್, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು), ಬಾಟಮ್ ಬ್ರಾಕೆಟ್ ಕಪ್ (ಪೆಡಲಿನ ತೋಳುಗಳು ತಿರುಗುವ ಬೇರಿಂಗಿನ ಬಟ್ಟಲು), ಸಿಂಗಲ್ ಗೇರಿನ ಹಲ್ಲುಚಕ್ರ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಇನ್ನೊಂದು ಗುಂಪು ಬೇರೆ ಉದ್ಯಮದ ನೆರಳಲ್ಲಿ ಬೆಳೆದದ್ದು. ನಿಮ್ಮ ದೇಶದಲ್ಲಿ ರಬ್ಬರಿನ ಕೆಲಸ ಇದ್ದರೆ ಸೈಕಲ್ ಟೈರು, ಟ್ಯೂಬು, ಬ್ರೇಕ್ ರಬ್ಬರ್, ಹಿಡಿಕೆ ಸಿಗುವ ಸಾಧ್ಯತೆ ಜಾಸ್ತಿ. ತಂತಿ ಎಳೆಯುವ ಕಾರ್ಖಾನೆ ಇದ್ದರೆ ಚಕ್ರದ ಕಡ್ಡಿ. ಚರ್ಮದ ಕೆಲಸ ಇದ್ದರೆ ಸೀಟು, ಚೀಲ, ಹ್ಯಾಂಡಲ್ ಸುತ್ತುವ ಪಟ್ಟಿ. ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್, ಬೆಲ್ಲು, ಚೈನ್ ಕವರ್ ಇವುಗಳಲ್ಲಿ ಲೋಹದ ಬೆಲೆಗೆ ಹೋಲಿಸಿದರೆ ಗಾತ್ರ ದೊಡ್ಡದು. ದೂರದಿಂದ ಹಡಗಿನಲ್ಲಿ ತರುವ ಖರ್ಚು ಹೊರೆಯಾಗುತ್ತದೆ. ಹಾಗಾಗಿ ಇವುಗಳನ್ನು ಹತ್ತಿರದಲ್ಲೇ ಮಾಡುವವರು ಇನ್ನೂ ಇದ್ದಾರೆ.

ನನ್ನ ಸಲಹೆ ಇಷ್ಟು: ಕ್ಯಾರಿಯರ್, ಸೀಟು, ಟೈರು, ಹಿಡಿಕೆಗಳಿಂದ ಶುರು ಮಾಡಿ. ಆಮೇಲೆ ರಿಮ್, ಕಡ್ಡಿ, ಹಬ್. ಆಮೇಲೆ ಪೆಡಲು, ಪೆಡಲು ಹಿಡಿಯುವ ತೋಳಾದ ಕ್ರ್ಯಾಂಕ್, ಹ್ಯಾಂಡಲ್. ಚೈನು, ಫ್ರೀವೀಲ್, ಬ್ರೇಕು ಅದರ ನಂತರ. ಡಿರೈಲರ್ ಮತ್ತು ಹೈಡ್ರಾಲಿಕ್ ಬ್ರೇಕು ಕೊನೆಗೆ. ಗೇರೇ ಬೇಡ ಅನ್ನುವವರಿಗೆ ಅಥವಾ ಒಂದೇ ಗೇರು ಸಾಕು ಅನ್ನುವವರಿಗೆ ಈ ದಾರಿ ತುಂಬಾ ಚಿಕ್ಕದಾಗುತ್ತದೆ.

3. ಅಳತೆ ಬರೆದುಕೊಳ್ಳದೆ ಹೊರಡಬೇಡಿ

ಈ ಹಂತವನ್ನು ಹಾರಿಸಿದರೆ ಉಳಿದದ್ದೆಲ್ಲ ವ್ಯರ್ಥ. ಒಂದೊಂದು ದೇಶದ ಸೈಕಲ್ ಉದ್ಯಮ ತನ್ನದೇ ಅಳತೆ ಹಿಡಿದು ಬೆಳೆದಿದೆ. ನಿಮ್ಮ ದೇಶದಲ್ಲಿ ಒಳ್ಳೆಯ ಪಾರ್ಟು ಸಿಕ್ಕರೂ ನಿಮ್ಮ ಸೈಕಲ್ಲಿಗೆ ಅದು ಕೂರದೇ ಹೋಗಬಹುದು.

ಟೈರಿನ ಪಜೀತಿ ಎಲ್ಲರಿಗೂ ಗೊತ್ತಿರುವುದೇ. ‘26 ಇಂಚು’ ಅಂದರೆ ಸಾಲದು. ಆ ಹೆಸರಿನಲ್ಲಿ 559, 571, 584, 590 ಮಿ.ಮೀ. ಎನ್ನುವ ಬೇರೆ ಬೇರೆ ರಿಮ್ಮುಗಳಿವೆ. ಒಂದರ ಟೈರು ಇನ್ನೊಂದಕ್ಕೆ ಹತ್ತುವುದಿಲ್ಲ. 28 ಇಂಚಿನಲ್ಲೂ ಹಾಗೇ. ಹಳೆಯ ಕಾಲದ ಎತ್ತರದ ಸೈಕಲ್ಲಿನ 28 × 1½ ಟೈರು 635, ಇವತ್ತಿನ 700ಸಿ ಟೈರು 622. ಹಾಗಾಗಿ ಇಂಚನ್ನು ಬಿಟ್ಟು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 37-590, 40-635 ಥರದ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಐಎಸ್‌ಒ 5775 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಬರಹ ಅದು. ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. 26 × 1⅜ ಮತ್ತು 26 × 1.375 ಲೆಕ್ಕದಲ್ಲಿ ಒಂದೇ. ಟೈರಿನಲ್ಲಿ ಮಾತ್ರ ಬೇರೆ ಬೇರೆ, ಇದನ್ನೂ ನೆನಪಿಡಿ.

ಬಾಟಮ್ ಬ್ರಾಕೆಟ್ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಅಳತೆಯದು 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಬಲಗಡೆಯ ಕಪ್ಪಿಗೆ ಉಲ್ಟಾ ಮರೆ, ಅಂದರೆ ಎಡಕ್ಕೆ ತಿರುಗಿಸಿ ಬಿಗಿಯುವ ತಿರುಪು. ಇಟಲಿಯದು 36 ಮಿ.ಮೀ., ಎರಡೂ ಕಡೆ ಮಾಮೂಲಿ ಬಲಮರೆ. ಹಳೆಯ ಫ್ರೆಂಚ್ ಸೈಕಲ್ಲುಗಳಲ್ಲಿ 35 ಮಿ.ಮೀ. ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಮರೆಯೇ ಹಾಳಾಗುತ್ತದೆ, ಕಪ್ಪಿಗಿಂತ ಫ್ರೇಮ್ ದುಬಾರಿ ಅಲ್ವಾ? ಪೆಡಲಿನಲ್ಲಿ ಅಷ್ಟು ತೊಂದರೆ ಇಲ್ಲ. ಮೂರು ತುಂಡಿನ ಕ್ರ್ಯಾಂಕುಗಳಿಗೆ ಹೆಚ್ಚಿನ ಕಡೆ 9/16 ಇಂಚಿನದೇ. ಎಡ ಪೆಡಲಿಗೆ ಉಲ್ಟಾ ಮರೆ ಅನ್ನುವುದು ಗೊತ್ತಿದ್ದರೆ ಸಾಕು.

ಹಬ್ಬಿಗೆ ಮೂರು ಅಳತೆ ಬೇಕು: ಫೋರ್ಕಿನ ಎರಡು ಕಾಲುಗಳ ಒಳಗಿನ ಅಂತರ, ಹಬ್ಬಿನ ನಡುವೆ ಹಾಯುವ ಸರಳಾದ ಆಕ್ಸಲ್ಲಿನ ದಪ್ಪ, ಕಡ್ಡಿಗಳ ಸಂಖ್ಯೆ. ಹಿಂದಿನ ಚಕ್ರದಲ್ಲಿ 110, 120, 126, 130, 135 ಮಿ.ಮೀ. ಹೀಗೆ ಅಂತರ ಬದಲಾಗುತ್ತದೆ. ಚೈನಿಗೆ ಅಗಲ ನೋಡಿ. ಒಂದೇ ಗೇರಿನ ಸೈಕಲ್ಲಿಗೆ ಸಾಮಾನ್ಯವಾಗಿ ⅛ ಇಂಚು, ಹಳೆಯ ಡಿರೈಲರ್ ಸೈಕಲ್ಲಿಗೆ 3/32. ಸೀಟ್ ಪೋಸ್ಟಿಗೆ ವರ್ನಿಯರ್ ಕ್ಯಾಲಿಪರ್ ಬೇಕೇ ಬೇಕು, ಇಲ್ಲಿ 0.2 ಮಿ.ಮೀ. ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಪೋಸ್ಟನ್ನು ಹೊರಗೆ ತೆಗೆದರೆ ಅದರ ಮೇಲೇ ಅಳತೆ ಅಚ್ಚಾಗಿರುವುದೂ ಉಂಟು.

ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಅದರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.

4. ಲೇಬಲ್ಲನ್ನು ಸರಿಯಾಗಿ ಓದಿ

ಪ್ಯಾಕೆಟ್ಟಿನ ಮುಂಭಾಗ ಮಾರುವುದಕ್ಕೆ. ಹಿಂಭಾಗದ ಸಣ್ಣ ಅಕ್ಷರ ಕಾನೂನಿಗೆ. ಹಿಂಭಾಗವನ್ನೇ ಓದಿ.

‘ಡಿಸೈನ್ಡ್ ಇನ್’, ‘ಎಂಜಿನಿಯರ್ಡ್ ಇನ್’ ಅಂತಿದ್ದರೆ ಅದು ನಕ್ಷೆ ಬರೆದ ಜಾಗ. ‘ಮಾರ್ಕೆಟೆಡ್ ಬೈ’ ಅಂದರೆ ಮಾರುವವರ ವಿಳಾಸ, ‘ಪ್ಯಾಕ್ಡ್ ಬೈ’ ಅಂದರೆ ಡಬ್ಬಿಗೆ ತುಂಬಿದವರದು. ‘ಇಂಪೋರ್ಟೆಡ್ ಬೈ’ ಅಂತಿದ್ದರೆ ಮಾತು ಮುಗಿಯಿತು. ನಿಮಗೆ ಬೇಕಾದದ್ದು ‘ಮ್ಯಾನುಫ್ಯಾಕ್ಚರ್ಡ್ ಬೈ’ ಅಥವಾ ‘ಮೇಡ್ ಇನ್’, ಜೊತೆಗೆ ಒಂದು ಕಾರ್ಖಾನೆಯ ವಿಳಾಸ. ಭಾರತದಲ್ಲಿ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಚಿಲ್ಲರೆ ಪ್ಯಾಕೆಟ್ಟಿನ ಮೇಲೆ ತಯಾರಕರ, ಪ್ಯಾಕ್ ಮಾಡಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇರಬೇಕು. ಆಮದಾದ ವಸ್ತುವಿಗೆ ಯಾವ ದೇಶದ್ದು ಅನ್ನುವುದೂ ಇರಬೇಕು. ಅಮೆರಿಕದಲ್ಲಿ 1930ರ ಸುಂಕ ಕಾಯ್ದೆ ಆಮದಾದ ವಸ್ತುಗಳ ಮೇಲೆ ಮೂಲ ದೇಶದ ಗುರುತು ಕೇಳುತ್ತದೆ. ನಿಮ್ಮ ದೇಶದಲ್ಲಿ ಆಮದಾದ ವಸ್ತುವಿಗೆ ಗುರುತು ಕಡ್ಡಾಯವೋ ಅಲ್ಲವೋ ಅಂತ ತಿಳಿದುಕೊಳ್ಳಿ. ಕಡ್ಡಾಯ ಇಲ್ಲದ ಕಡೆ ಗುರುತು ಕಾಣಲಿಲ್ಲ ಅಂದ ಮಾತ್ರಕ್ಕೆ ಅದು ಅಲ್ಲಿಯದೇ ಅಂತ ಅಂದುಕೊಳ್ಳಬಾರದು.

ಬಾರ್‌ಕೋಡಿನ ಮೊದಲ ಮೂರು ಅಂಕಿ ನೋಡಿದರೆ ದೇಶ ಗೊತ್ತಾಗುತ್ತದೆ ಅನ್ನುವ ಮಾತು ತುಂಬಾ ಓಡಾಡುತ್ತದೆ. ನಂಬಬೇಡಿ. 890 ಇದ್ದರೆ ಭಾರತ, 471 ಇದ್ದರೆ ತೈವಾನ್, 690ರಿಂದ 699ರವರೆಗೆ ಚೀನಾ, ಇಷ್ಟು ಸರಿ. ಆದರೆ ಅದು ಹೇಳುವುದು ಆ ಕಂಪನಿ ಬಾರ್‌ಕೋಡ್ ಸಂಖ್ಯೆಯನ್ನು ಯಾವ ದೇಶದ ಜಿಎಸ್1 ಸಂಸ್ಥೆಯಿಂದ ಪಡೆಯಿತು ಅನ್ನುವುದನ್ನು ಮಾತ್ರ. ಹೊರಗಿನಿಂದ ತರಿಸಿದ ಪೆಡಲಿಗೂ 890 ಇರಬಹುದು.

ಪ್ಯಾಕೆಟ್ಟಿಗಿಂತ ಪಾರ್ಟೇ ಹೆಚ್ಚು ಹೇಳುತ್ತದೆ. ಟೈರಿನ ಪಕ್ಕದ ಗೋಡೆ, ಫ್ರೀವೀಲಿನ ಮುಖ, ಕ್ರ್ಯಾಂಕಿನ ಒಳಬದಿ, ಪೆಡಲಿನ ಆಕ್ಸಲ್, ಬ್ರೇಕ್ ತೋಳಿನ ಹಿಂಬದಿ, ಸ್ಟೆಮ್ಮಿನ ಅಡಿ, ಈ ಜಾಗಗಳಲ್ಲಿ ಅಚ್ಚು ಹುಡುಕಿ. ಅನೇಕ ಶಿಮಾನೊ ಪಾರ್ಟುಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಅದರಿಂದ ಜಾಗ ಗೊತ್ತಾಗುವುದಿಲ್ಲ, ಅದಕ್ಕೆ ಪಕ್ಕದ ದೇಶದ ಹೆಸರನ್ನೇ ನೋಡಬೇಕು. ಹಳೆಯ ಸ್ಟರ್ಮಿ-ಆರ್ಚರ್ ಹಬ್ಬುಗಳ ಶೆಲ್ಲಿನ ಮೇಲೂ ತಯಾರಾದ ವರ್ಷ ಒತ್ತಿರುತ್ತಾರೆ. ಅದನ್ನು ನೋಡಿ ನಾಟಿಂಗ್‌ಹ್ಯಾಮಿನದೋ ಅಲ್ಲವೋ ಅಂತ ಲೆಕ್ಕ ಹಾಕಬಹುದು.

ಒಂದೇ ಬ್ರ್ಯಾಂಡಿನೊಳಗೂ ಮಾದರಿಯಿಂದ ಮಾದರಿಗೆ ಊರು ಬದಲಾಗುತ್ತದೆ. ಬ್ರೂಕ್ಸ್ 1866ರಿಂದ ಇರುವ ಹೆಸರು. ಅದರ ಚರ್ಮದ ಸೀಟುಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ತಯಾರಾಗುತ್ತವೆ, ರಬ್ಬರ್ ಮತ್ತು ಹತ್ತಿಬಟ್ಟೆಯ ಕ್ಯಾಂಬಿಯಂ ಸೀಟುಗಳು ಇಟಲಿಯಲ್ಲಿ. ಕಾಂಟಿನೆಂಟಲ್ ತನ್ನ ಮೇಲ್ದರ್ಜೆಯ ಟೈರುಗಳನ್ನು ಜರ್ಮನಿಯ ಕೋರ್ಬಾಕ್‌ನಲ್ಲಿ ಕೈಯಿಂದ ಜೋಡಿಸುತ್ತದೆ, ಕಡಿಮೆ ಬೆಲೆಯವು ಏಷ್ಯಾದಿಂದ ಬರುತ್ತವೆ. ಹಾಗಾಗಿ ‘ಆ ಕಂಪನಿಯದು ಇಲ್ಲಿಯದೇ’ ಅಂತ ಯಾರಾದರೂ ಹೇಳಿದರೆ ಯಾವ ಮಾದರಿ ಅಂತ ಕೇಳಿ.

5. ಎಲ್ಲಿ ಹುಡುಕಬೇಕು?

ಮೊದಲು ಊರು ಹುಡುಕಿ. ಸೈಕಲ್ ಪಾರ್ಟ್ಸ್ ಮಾಡುವವರು ದೇಶದ ತುಂಬಾ ಚದುರಿಕೊಂಡಿರುವುದಿಲ್ಲ. ಒಂದೆರಡು ಊರಿನಲ್ಲಿ ಗುಂಪಾಗಿರುತ್ತಾರೆ. ಸಾಮಾನ್ಯವಾಗಿ ಅವು ಮೊದಲೇ ಲೋಹದ ಕೆಲಸಕ್ಕೆ ಹೆಸರಾದ ಊರುಗಳು. ಶಿಮಾನೊ ಹುಟ್ಟಿದ ಸಕಾಯ್‌ನಲ್ಲಿ ಶತಮಾನಗಳಿಂದ ಚಾಕು, ಬಂದೂಕು ಮಾಡುತ್ತಿದ್ದರು. ಫ್ರಾನ್ಸಿನ ಸೇಂಟ್-ಎಟಿಯೆನ್ ಕೂಡ ಬಂದೂಕಿನಿಂದ ಸೈಕಲ್ಲಿಗೆ ಬಂದ ಊರು. ಇಂಗ್ಲೆಂಡಿಗೆ ಬರ್ಮಿಂಗ್‌ಹ್ಯಾಮ್, ಇಟಲಿಗೆ ವಿಚೆಂಝಾ ಮತ್ತು ಅದರ ಸುತ್ತಮುತ್ತ, ಪೋರ್ಚುಗಲ್ಲಿಗೆ ಅಗೆದಾ, ತೈವಾನಿಗೆ ತೈಚುಂಗ್, ಭಾರತಕ್ಕೆ ಲುಧಿಯಾನ. ಲುಧಿಯಾನದಲ್ಲಿ ದೊಡ್ಡ ಕಾರ್ಖಾನೆಗಳ ಜೊತೆಗೆ ಹಬ್, ಫ್ರೀವೀಲ್, ಪೆಡಲು, ಕಡ್ಡಿ, ಬೆಲ್ಲು ಹೀಗೆ ಒಂದೊಂದೇ ಪಾರ್ಟು ಮಾಡುವ ಸಣ್ಣ ಘಟಕಗಳು ತುಂಬಾ ಇವೆ. ಸೈಕಲ್ ಮತ್ತು ಹೊಲಿಗೆ ಯಂತ್ರಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವೂ ಅಲ್ಲಿದೆ. ನಿಮ್ಮ ದೇಶದಲ್ಲಿ ಆ ಊರು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಾರ್ಟಿನ ಹೆಸರಿನ ಜೊತೆ ಊರಿನ ಹೆಸರು ಸೇರಿಸಿ ಹುಡುಕಿ, ಬ್ರ್ಯಾಂಡಿನ ಹೆಸರು ಸೇರಿಸಬೇಡಿ.

ಎರಡನೆಯದು ಸುಂಕದ ಸಂಖ್ಯೆ. ಪ್ರಪಂಚದ ಬಹುತೇಕ ದೇಶಗಳು ಸರಕುಗಳಿಗೆ ಒಂದೇ ಥರದ ಎಚ್‌ಎಸ್ ಸಂಖ್ಯೆ ಬಳಸುತ್ತವೆ, ಮೊದಲ ಆರು ಅಂಕಿ ಎಲ್ಲ ಕಡೆ ಒಂದೇ. ಫ್ರೇಮ್ ಮತ್ತು ಫೋರ್ಕ್ 8714.91, ರಿಮ್ ಮತ್ತು ಕಡ್ಡಿ 8714.92, ಹಬ್ ಮತ್ತು ಫ್ರೀವೀಲ್ ಚಕ್ರ 8714.93, ಬ್ರೇಕು 8714.94, ಸೀಟು 8714.95, ಪೆಡಲು ಮತ್ತು ಕ್ರ್ಯಾಂಕ್ 8714.96. ಟೈರು ಬೇರೆ ಅಧ್ಯಾಯದಲ್ಲಿದೆ: 4011.50. ಟ್ಯೂಬು 4013.20. ತಯಾರಕರ ಡೈರೆಕ್ಟರಿಗಳಲ್ಲಿ, ರಫ್ತುದಾರರ ಪಟ್ಟಿಗಳಲ್ಲಿ ಈ ಸಂಖ್ಯೆ ಹಾಕಿ ಹುಡುಕಿದರೆ ಅಂಗಡಿಯಲ್ಲಿ ಎಂದೂ ಕೇಳಿರದ ಹೆಸರುಗಳು ಸಿಗುತ್ತವೆ. ನನಗೆ ರಫ್ತುದಾರರ ಪಟ್ಟಿಯೇ ಹೆಚ್ಚು ಇಷ್ಟ. ಹೊರದೇಶಕ್ಕೆ ಕಳಿಸುವವರು ಸಾಮಾನ್ಯವಾಗಿ ತಾವೇ ಮಾಡುವವರು ಅಥವಾ ಮಾಡುವವರ ಪಕ್ಕದಲ್ಲೇ ಇರುವವರು.

ಮೂರನೆಯದು ಸರ್ಕಾರಿ ಖರೀದಿಯ ದಾಖಲೆ. ಸರ್ಕಾರಕ್ಕೆ ಮಾರುವವರು ದೇಶದೊಳಗಿನ ಪಾಲು ಎಷ್ಟು ಅಂತ ಬರೆದುಕೊಡಬೇಕಾದ ದೇಶಗಳಿವೆ. ಅಂಥ ಕಡೆ ಟೆಂಡರ್ ದಾಖಲೆಗಳಲ್ಲಿ ತಯಾರಕರ ಹೆಸರು ಸಿಗಬಹುದು.

ನಾಲ್ಕನೆಯದು ಮನುಷ್ಯರು, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ದಾರಿ. ಕೈಯಿಂದ ಫ್ರೇಮ್ ಕಟ್ಟುವವರು, ಚಕ್ರ ಕಟ್ಟುವವರು, ಸಾಮಾನು ಸಾಗಿಸುವ ಸೈಕಲ್ ಮತ್ತು ಮೂರುಗಾಲಿ ಗಾಡಿ ಮಾಡುವವರು, ಗಾಲಿಕುರ್ಚಿ ಮಾಡುವವರು, ಇವರಿಗೆಲ್ಲ ಯಾರು ಏನು ಮಾಡುತ್ತಾರೆ ಅನ್ನುವುದು ಗೊತ್ತಿರುತ್ತದೆ. ಗಾಲಿಕುರ್ಚಿಯಲ್ಲೂ ಕಡ್ಡಿ, ರಿಮ್, ಹಬ್, ಟೈರು ಇರುತ್ತವೆ. ಹಳೆಯ ರಿಪೇರಿಯವರನ್ನು ಮಾತಾಡಿಸಿ. ‘ಈ ಹಬ್ ಮಾಡುವವರು ಈಗಲೂ ಇದ್ದಾರಾ?’ ಅಂತ ಕೇಳಿದರೆ ಸಾಕು. ಆ ವಿಷಯದಲ್ಲಿ ಅವರ ನೆನಪು ಯಾವ ಪಟ್ಟಿಗೂ ಕಮ್ಮಿ ಇರುವುದಿಲ್ಲ.

6. ತಯಾರಕರಿಗೆ ನೇರವಾಗಿ ಬರೆಯಿರಿ

ಪಟ್ಟಿ ಕೈಗೆ ಬಂದ ಮೇಲೆ ಕೇಳುವ ಕೆಲಸ. ‘ಇದು ಇಲ್ಲೇ ತಯಾರಾಗುತ್ತದಾ?’ ಅಂತ ಕೇಳಿದರೆ ‘ಹೌದು’ ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಕೆಲಸವನ್ನು ಬಿಡಿಬಿಡಿಯಾಗಿ ಕೇಳಿ. ಹೀಗೆ ಬರೆಯಬಹುದು:

‘ನಮಸ್ಕಾರ. ನಿಮ್ಮ 36 ಕಡ್ಡಿಯ ಹಿಂದಿನ ಹಬ್ ಕೊಳ್ಳಬೇಕೆಂದಿದ್ದೇನೆ. ದೇಶದೊಳಗೆ ತಯಾರಾದದ್ದನ್ನೇ ಬಳಸುವ ಆಸೆ ನನ್ನದು. ಹಬ್ಬಿನ ಶೆಲ್ಲನ್ನು ನಿಮ್ಮಲ್ಲೇ ಮಾಡುತ್ತೀರಾ, ಬೇರೆಯವರಿಂದ ಮಾಡಿಸುತ್ತೀರಾ? ಆಕ್ಸಲ್, ಕೋನ್, ಬಾಲ್ಸ್ ಎಲ್ಲಿಂದ ಬರುತ್ತವೆ? ಕೋನ್ ಸವೆದರೆ ಬಿಡಿಯಾಗಿ ಸಿಗುತ್ತದೆಯೇ? ಒಂದೆರಡು ಮಾತ್ರ ಬೇಕಾದರೆ ಯಾರಲ್ಲಿ ಕೇಳಬೇಕು? ದಯವಿಟ್ಟು ತಿಳಿಸಿ.’

ನಿಜವಾಗಿ ಮಾಡುವವರಿಗೆ ಇಂಥ ಪ್ರಶ್ನೆ ಖುಷಿ ಕೊಡುತ್ತದೆ, ವಿವರವಾಗಿ ಬರೆಯುತ್ತಾರೆ. ‘ಬೇರಿಂಗ್ ಮಾತ್ರ ಜಪಾನಿನದು, ಉಳಿದದ್ದು ನಮ್ಮದು’ ಅಂತ ಯಾರಾದರೂ ಒಪ್ಪಿಕೊಂಡರೆ ನಾನು ಅವರನ್ನು ಹೆಚ್ಚು ನಂಬುತ್ತೇನೆ. ಒಳ್ಳೆಯ ಬೇರಿಂಗ್ ಮಾಡುವವರು ಕಡಿಮೆ ದೇಶಗಳಲ್ಲಿದ್ದಾರೆ. ಹೊರಗಿನ ಬೇರಿಂಗ್ ಹಾಕಿದ ಮಾತ್ರಕ್ಕೆ ಹಬ್ ಮಾಡಿದವರ ಶ್ರಮ ಕಡಿಮೆಯಾಗುವುದಿಲ್ಲ.

ಕಾರ್ಖಾನೆಯವರು ಬಿಡಿಯಾಗಿ ಮಾರುವುದಿಲ್ಲ ಅನ್ನುವುದು ಮುಂದಿನ ತೊಡಕು. ಡಜನ್ ಲೆಕ್ಕದಲ್ಲಿ, ಪೆಟ್ಟಿಗೆ ಲೆಕ್ಕದಲ್ಲಿ ಕೊಡುತ್ತಾರೆ. ನಾಲ್ಕಾರು ಜನ ಸೇರಿ ತರಿಸಿಕೊಳ್ಳಿ, ಇಲ್ಲವೇ ನೀವು ಸೈಕಲ್ ಕೊಡುವ ರಿಪೇರಿಯವರ ಮೂಲಕ ಕೇಳಿಸಿ. ಟೈರು, ಚೈನು, ಬ್ರೇಕ್ ರಬ್ಬರ್ ಹೇಗೂ ಸವೆಯುವ ವಸ್ತುಗಳು, ಕೂಡಿ ತರಿಸಿದರೆ ನಷ್ಟವಿಲ್ಲ. ಆದರೆ ರಬ್ಬರನ್ನು ವರ್ಷಗಟ್ಟಲೆ ಇಡಬೇಡಿ. ಬಿಸಿಲಲ್ಲಿ ಅಂತೂ ಇಡಲೇಬೇಡಿ.

7. ಕೈಗೆ ಬಂದ ಮೇಲೆ ಪರೀಕ್ಷೆ ಮಾಡಿ

ನಮ್ಮಲ್ಲೇ ಮಾಡಿದ್ದು ಅನ್ನುವ ಪ್ರೀತಿಯಲ್ಲಿ ಕಳಪೆಯನ್ನು ಒಪ್ಪಿಕೊಳ್ಳಬಾರದು. ಹಾಗೆ ಒಪ್ಪಿಕೊಂಡರೆ ಚೆನ್ನಾಗಿ ಮಾಡುವವರಿಗೇ ಅನ್ಯಾಯ.

ಹಬ್ಬಿನ ಆಕ್ಸಲ್ಲನ್ನು ಬೆರಳಲ್ಲಿ ತಿರುಗಿಸಿ. ಒರಟು ಅನ್ನಿಸಿದರೆ ತಕ್ಷಣ ತಿರಸ್ಕರಿಸಬೇಡಿ. ಕಾರ್ಖಾನೆಯಲ್ಲಿ ಕೋನನ್ನು (ಬಾಲ್ಸ್ ಒತ್ತಿ ಹಿಡಿಯುವ, ಆಕ್ಸಲ್ ಮೇಲಿನ ನಟ್ಟು) ಜಾಸ್ತಿ ಬಿಗಿದು ಗ್ರೀಸ್ ಕಡಿಮೆ ಹಾಕಿರುವುದು ತುಂಬಾ ಸಾಮಾನ್ಯ. ಬಿಚ್ಚಿ, ಒರೆಸಿ, ಗ್ರೀಸ್ ತುಂಬಿ, ಹದವಾಗಿ ಬಿಗಿಯಿರಿ. ಆಗಲೂ ಕಚ್ಚುತ್ತಿದ್ದರೆ ಕಪ್ಪಿನ ಮೇಲ್ಮೈ ನೋಡಿ, ಗುಳಿ ಇದ್ದರೆ ವಾಪಸ್ ಮಾಡಿ. ಬಾಲ್ಸ್ ಸಾಮಾನ್ಯವಾಗಿ ಮುಂದಕ್ಕೆ 3/16, ಹಿಂದಕ್ಕೆ ¼ ಇಂಚಿನವು. ಕಡಿಮೆ ದರದ ಹಬ್ಬಿಗೆ ಒಳ್ಳೆಯ ಬಾಲ್ಸ್ ಹಾಕಿದರೆ ಅದರ ನಡತೆಯೇ ಬದಲಾಗುತ್ತದೆ.

ರಿಮ್ಮನ್ನು ಸಮತಟ್ಟಾದ ಕಲ್ಲಿನ ಮೇಲೆ ಇಟ್ಟು ಅಲುಗಾಡುತ್ತದೆಯೇ ನೋಡಿ, ಬೆಸುಗೆಯ ಜಾಗದಲ್ಲಿ ಉಗುರು ಸವರಿ. ಕಡ್ಡಿಯ ತುದಿಗೆ ಬಿಗಿಯುವ ನಿಪ್ಪಲ್ ಹಾಕಿ ತಿರುಗಿಸಿ, ಕೊನೆಯವರೆಗೆ ಸರಾಗವಾಗಿ ಹೋಗಬೇಕು. ಟೈರಿಗೆ ಗಾಳಿ ತುಂಬಿ ಚಕ್ರ ತಿರುಗಿಸಿ, ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲಿರುವ ಗೆರೆ ಎಲ್ಲ ಕಡೆ ಒಂದೇ ಎತ್ತರದಲ್ಲಿ ಕಾಣಬೇಕು. ಪೆಡಲಿನ ಮರೆಯನ್ನು ಮೊದಲು ಕೈಯಲ್ಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ.

ಮುರಿದರೆ ಬೀಳಿಸುವ ಪಾರ್ಟುಗಳು ಬೇರೆ. ಹ್ಯಾಂಡಲ್, ಸ್ಟೆಮ್, ಫೋರ್ಕ್, ಕ್ರ್ಯಾಂಕ್, ಬ್ರೇಕು. ಇವುಗಳಲ್ಲಿ ಹೆಸರಿಲ್ಲದ ವಸ್ತು ಬೇಡ, ಅದು ಎಲ್ಲಿಯದೇ ಆಗಿರಲಿ. ಐಎಸ್‌ಒ 4210 ಅನ್ನುವ ಸೈಕಲ್ ಸುರಕ್ಷತೆಯ ಮಾನದಂಡ ಅಥವಾ ಅದಕ್ಕೆ ಸಮನಾದ ನಿಮ್ಮ ದೇಶದ ಮಾನದಂಡದಂತೆ ಪರೀಕ್ಷೆ ಆಗಿದೆಯೇ ಅಂತ ತಯಾರಕರನ್ನು ಕೇಳಿ. ಉತ್ತರ ಬಾರದಿದ್ದರೆ ಹೊರದೇಶದ್ದಾದರೂ ಪರೀಕ್ಷೆ ಪಾಸಾದದ್ದನ್ನೇ ಹಾಕಿ.

8. ಸಿಗದೇ ಹೋದರೆ

ಕೆಲವು ಪಾರ್ಟು ನಿಮ್ಮ ದೇಶದಲ್ಲಿ ತಯಾರಾಗುವುದೇ ಇಲ್ಲ ಅಂತ ಗೊತ್ತಾಗುತ್ತದೆ. ಆಗ ಮೂರು ದಾರಿ ಇವೆ.

ಇರುವುದನ್ನು ರಿಪೇರಿ ಮಾಡುವುದು ಮೊದಲನೆಯದು. ಆಕ್ಸಲ್, ಕೋನ್, ಬಾಲ್ಸ್ ಬದಲಿಸಿದರೆ ಹಬ್ ಹೊಸದರಂತೆ ಓಡುತ್ತದೆ. ಹಳೆಯ ಹಬ್ ಇಟ್ಟುಕೊಂಡು ರಿಮ್ಮು, ಕಡ್ಡಿ ಮಾತ್ರ ದೇಶದ್ದು ಹಾಕಿ ಚಕ್ರ ಕಟ್ಟಿಸಬಹುದು. ಆ ಕೂಲಿಯೂ ಇಲ್ಲಿನವರಿಗೇ ಸೇರುತ್ತದೆ.

ಎರಡನೆಯದು ಹಳೆಯ ದಾಸ್ತಾನು. ನಿಂತುಹೋದ ಕಾರ್ಖಾನೆಗಳ ಪಾರ್ಟ್ಸ್ ಹಳೆಯ ಅಂಗಡಿಗಳ ಅಟ್ಟದಲ್ಲಿ, ಗೋದಾಮಿನಲ್ಲಿ ಡಬ್ಬಿ ಸಮೇತ ಉಳಿದಿರುತ್ತವೆ. ಉಕ್ಕಿನವು ತುಕ್ಕು ಹಿಡಿಯದಿದ್ದರೆ ಧೈರ್ಯವಾಗಿ ಬಳಸಿ. ಹಬ್ ಆದರೆ ಒಣಗಿದ ಗ್ರೀಸ್ ತೆಗೆದು ಹೊಸದು ಹಾಕಿ. ಬಳಸಿದ ಅಲ್ಯೂಮಿನಿಯಂ ಹ್ಯಾಂಡಲ್ ಮತ್ತು ಸ್ಟೆಮ್ ಮಾತ್ರ ಬೇಡ. ಒಳಗೆ ಬಿಟ್ಟ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಅಲ್ಯೂಮಿನಿಯಂ ಮುನ್ಸೂಚನೆ ಕೊಡದೆ ಮುರಿಯುತ್ತದೆ.

ಮೂರನೆಯದು, ಪಾರ್ಟಿನ ಬದಲು ವ್ಯವಸ್ಥೆಯನ್ನೇ ಬದಲಿಸುವುದು. ಡಿರೈಲರ್ ಸಿಗದಿದ್ದರೂ ಫ್ರೀವೀಲ್, ಒಂದು ಹಲ್ಲುಚಕ್ರ, ⅛ ಇಂಚಿನ ಚೈನು ಸಿಗುತ್ತಿದ್ದರೆ ಸಪಾಟು ದಾರಿಯಲ್ಲಿ ಓಡಾಡುವವರಿಗೆ ಅದೇ ಸಾಕು. ಹೈಡ್ರಾಲಿಕ್ ಬ್ರೇಕಿನ ಬದಲು ಕೇಬಲ್ ಬ್ರೇಕು ಆರಿಸಿಕೊಂಡರೆ ಕೇಬಲ್, ಹೊದಿಕೆ, ರಬ್ಬರ್ ಎಲ್ಲವೂ ದೇಶದೊಳಗೇ ಸಿಗುವ ಸಾಧ್ಯತೆ ಜಾಸ್ತಿ. ಹೊಸ ಸೈಕಲ್ ಕೊಳ್ಳುವವರು ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಬೇಕು. 622 ರಿಮ್, ಇಂಗ್ಲಿಷ್ ಮರೆಯ ಬಾಟಮ್ ಬ್ರಾಕೆಟ್ ಥರ ಎಲ್ಲೆಡೆ ನಡೆಯುವ ಅಳತೆ ಇದ್ದರೆ ಮುಂದೆ ಯಾವ ತಯಾರಕರಾದರೂ ಹೊಂದುತ್ತಾರೆ. ಒಂದೇ ಕಂಪನಿಯ ಸ್ವಂತ ಅಳತೆ ಇದ್ದರೆ ಕೊನೆಯವರೆಗೂ ಅವರ ಬಾಗಿಲನ್ನೇ ತಟ್ಟಬೇಕು.

ಹುಡುಕಿ ಪಡೆದದ್ದನ್ನು ಬರೆದಿಡಿ: ಪಾರ್ಟು, ಅಳತೆ, ಕಾರ್ಖಾನೆಯ ಊರು, ಕೊಂಡ ತಿಂಗಳು, ಪ್ಯಾಕೆಟ್ಟಿನ ಹಿಂಭಾಗದ ಫೋಟೋ. ಮಾದರಿಗಳು ಒಂದು ದೇಶದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹೋಗುತ್ತವೆ. ಮುಂದಿನ ಸಲ ಅದೇ ಟೈರು ಕೊಳ್ಳುವಾಗ ಪಕ್ಕದ ಗೋಡೆಯ ಅಚ್ಚನ್ನು ಹಳೆಯ ಫೋಟೋದ ಜೊತೆ ಹೋಲಿಸಿ ನೋಡಿ.